ಮುಚ್ಚಿದ ಬಾಗಿಲ ಮುಂದೆ ಮೂವತ್ತೇಳು ಜನ

ಸಾಲು ಕಂಡರೆ ನಿಂತುಬಿಡುವುದು ನನ್ನ ಜಾಯಮಾನ. ಇದೊಂದು ದೌರ್ಬಲ್ಯ ಎಂದು ನಾನು ಒಪ್ಪುವುದಿಲ್ಲ. ನನ್ನ ಹೆಂಡತಿ ಒಪ್ಪುತ್ತಾಳೆ, ಮನೆಗೆ ಬಂದವರಿಗೆಲ್ಲ ಹೇಳಿಯೂ ಹೇಳುತ್ತಾಳೆ. ಹೀಗೆ ನಿಂತು ನಿಂತು ನಾನು ಸಂಪಾದಿಸಿದ್ದೇನೂ ಕಡಿಮೆಯಲ್ಲ. ನನ್ನ ಕಣ್ಣಿಗೆ ಹೊಂದದ ಒಂದು ಉಚಿತ ಕನ್ನಡಕ, ರಕ್ತ ಕೊಟ್ಟದ್ದಕ್ಕೆ ಎರಡು ಪ್ರಮಾಣಪತ್ರ, ಮತ್ತು ಒಂದು ಕಾರ್ಮಿಕ ಸಂಘದ ಸದಸ್ಯತ್ವ. ಆ ಸಂಘ ಬಡಗಿಗಳದ್ದು ಎಂದು ತಿಳಿಯುವ ಹೊತ್ತಿಗೆ ನಾನು ಅದರ ಸಹಕಾರ್ಯದರ್ಶಿಯಾಗಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಕೆಲಸ ನೀರಿನ ಮೀಟರ್ ಓದುವುದು. ಮನೆಬಾಗಿಲ ಪಕ್ಕದ ಗುಂಡಿಯ ಕಬ್ಬಿಣದ ಮುಚ್ಚಳ ಎತ್ತಬೇಕು, ಗಾಜಿನ ಮೇಲಿನ ಕೆಸರು ಒರೆಸಬೇಕು, ಅಂಕಿ ಬರೆದುಕೊಳ್ಳಬೇಕು, ಮುಚ್ಚಿ ಮುಂದಿನ ಮನೆಗೆ ಹೋಗಬೇಕು. ದಿನಕ್ಕೆ ಅರವತ್ತು ಮನೆ. ಹದಿನಾಲ್ಕು ವರ್ಷದಿಂದ ಬಗ್ಗಿಕೊಂಡೇ ಊರು ಸುತ್ತಿದ್ದರಿಂದ ಜನರ ಮುಖಕ್ಕಿಂತ ಅವರ ಮನೆಯ ಗುಂಡಿಗಳೇ ನನಗೆ ಹೆಚ್ಚು ಪರಿಚಯ.

ಇಂಥ ನನ್ನನ್ನು ಬಹಳ ಗೌರವದಿಂದ ನೋಡುವ ಒಬ್ಬನೇ ಒಬ್ಬ ಮನುಷ್ಯನೆಂದರೆ ನನ್ನ ಹೆಂಡತಿಯ ತಮ್ಮ. ಅವನು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ನಾನು ಬಡಗಿ ಸಂಘ ಸೇರಿದ ಕಥೆ ಕೇಳಿ ಅವನು ನಕ್ಕಿರಲಿಲ್ಲ, ಬರೆದುಕೊಂಡಿದ್ದ. ಅವನ ವಿದ್ಯೆಯ ಸಾರ ಇಷ್ಟು: ಮನುಷ್ಯ ಹುಟ್ಟಾ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ, ಅವನು ನಿಂತ ಜಾಗ, ಸುತ್ತ ಇರುವ ಜನ, ಕೈಯಲ್ಲಿರುವ ಹೊತ್ತು, ಇವು ಅವನಿಂದ ಮಾಡಿಸುತ್ತವೆ. ನಾವು ಮಾತ್ರ, ಅವನೇ ಹಾಗೆ ಎಂದು ಅವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಇದನ್ನು ಅವನು ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಊಟ ಮಾಡುತ್ತಾ ವಿವರಿಸುತ್ತಿದ್ದ. ಹಾಗಾದರೆ ಊಟ ಆದಮೇಲೆ ತಟ್ಟೆ ಎತ್ತದೆ ಏಳುವುದೂ ಸನ್ನಿವೇಶದ ತಪ್ಪೇ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ಅವನು ಅದನ್ನೂ ಬರೆದುಕೊಂಡ.

ಆ ಬುಧವಾರ ಬೆಳಗ್ಗೆ ಹನ್ನೊಂದೂವರೆಗೆ ನಾನು ಇಪ್ಪತ್ತೆರಡು ಮನೆ ಮುಗಿಸಿ ಒಂದು ಅಡ್ಡರಸ್ತೆಗೆ ತಿರುಗಿದೆ. ಆ ರಸ್ತೆಯಲ್ಲಿ ಒಂದು ಹಳೆಯ ಮಹಡಿ ಮನೆಯಿದೆ. ಕೆಳಗೆ ಎಷ್ಟೋ ವರ್ಷದಿಂದ ಬೀಗ ಜಡಿದ ಅಂಗಡಿ, ಪಕ್ಕದಲ್ಲಿ ಒಂದು ಬಾಗಿಲು, ಬಾಗಿಲ ಹಿಂದೆ ಕಡಿದಾದ ಮೆಟ್ಟಿಲು, ಮೇಲೆ ಒಬ್ಬ ಒಂಟಿ ಮುದುಕ. ನನಗೂ ಆ ಮುದುಕರಿಗೂ ತಿಂಗಳಿಗೊಂದು ಸಲ ಸಂಬಂಧ. ನಾನು ಗುಂಡಿಯ ಮುಚ್ಚಳ ಎತ್ತುತ್ತಿದ್ದಂತೆ ಅವರು ಮೇಲಿನ ಕಿಟಕಿಯಿಂದ, ಮುಚ್ಚಳ ಸರಿಯಾಗಿ ಮುಚ್ಚು, ಹೋದ ಸಲ ಒಂದು ಬೆಕ್ಕು ಬಿದ್ದಿತ್ತು ಎಂದು ಬಯ್ಯುತ್ತಿದ್ದರು. ಹೋದ ಸಲ ಎಂದರೆ ಏಳು ವರ್ಷದ ಹಿಂದೆ. ಬೆಕ್ಕು ಬದುಕಿತ್ತು. ಆದರೂ ಬಯ್ಗುಳ ತಪ್ಪಲಿಲ್ಲ. ಸಿಡುಕ ಮುದುಕ ಎಂದು ನಾನು ಅವರನ್ನು ಮನಸ್ಸಿನಲ್ಲೇ ಒಂದು ಮೂಲೆಗೆ ಹಾಕಿಬಿಟ್ಟಿದ್ದೆ.

ಅವತ್ತು ಆ ಮುಚ್ಚಿದ ಬಾಗಿಲ ಮುಂದೆ ಒಂದು ಸಾಲು ನಿಂತಿತ್ತು. ಎಂಥ ಅಚ್ಚುಕಟ್ಟಾದ ಸಾಲು ಅಂತೀರಿ. ಎಲ್ಲಕ್ಕಿಂತ ಮುಂದೆ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು, ಪರೀಕ್ಷೆಗೆ ಬಂದವರ ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಅವರ ಹಿಂದೆ ಬಗೆಬಗೆಯ ಮೂವತ್ತೆರಡು ಜನ. ನನಗೆ ಮೈಯಲ್ಲಿ ಒಂಥರಾ ಉತ್ಸಾಹ ಬಂತು. ಆದರೆ ನಾನು ಕರ್ತವ್ಯದ ಮೇಲಿದ್ದೆ. ಬಾಗಿಲ ಪಕ್ಕದ ಗುಂಡಿ ತೆರೆದು ನನ್ನ ಪಾಡಿಗೆ ಹೋಗಬೇಕಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದೆ. ದೊಡ್ಡ ಬ್ಯಾಗು ಹಿಡಿದ ಒಬ್ಬ ಅಮ್ಮ, ಸಾಲಿನಲ್ಲಿ ಬನ್ನಿ ಎಂದು ತಡೆದರು. ನಾನು ಮೀಟರ್ ಓದಬೇಕು ಎಂದೆ.

"ನಾವೆಲ್ಲ ಅದಕ್ಕೇ ತಾನೆ ನಿಂತಿರೋದು?" ಎಂದರು ಅವರು.

ನಾನು ಹಿಂದೆ ಹೋಗಿ ಮೂವತ್ತೇಳನೆಯವನಾಗಿ ನಿಂತೆ.

ನನ್ನ ಮುಂದೆ ಕೊಡೆ ಹಿಡಿದ ಒಬ್ಬ ನಿವೃತ್ತ ಯಜಮಾನರಿದ್ದರು. ಏನು ವಿಷಯ ಎಂದು ನಾನು ಕೇಳಲಿಲ್ಲ, ಕೇಳಿದರೆ ತಿಳಿಯದವನು ಎಂದುಕೊಂಡಾರು. ಅವರೂ ಹೇಳಲಿಲ್ಲ. ಆದರೆ ಜೇಬಿನಿಂದ ವಿಳಾಸದ ದಾಖಲೆಯ ಮೂರು ಜೆರಾಕ್ಸ್ ತೆಗೆದು, ಇರಲಿ ಅಂತ ತಂದೆ, ಕೊನೆಗೆ ಇದನ್ನೇ ಕೇಳೋದು ಎಂದು ಒಂದನ್ನು ನನ್ನ ಕಣ್ಣೆದುರು ಆಡಿಸಿದರು. ಮಧ್ಯದಲ್ಲೆಲ್ಲೋ ಒಬ್ಬರು ಉಚಿತ ಹಲ್ಲು ಪರೀಕ್ಷೆ ಎನ್ನುತ್ತಿದ್ದರು. ಇನ್ನೊಬ್ಬರಿಗೆ ಗೋದಾಮಿನಲ್ಲಿ ಕೆಲಸ ಸಿಗುವುದಿತ್ತು. ಇಬ್ಬರೂ ಪರಸ್ಪರ ತಲೆಯಾಡಿಸಿ ಒಪ್ಪಿಕೊಂಡಿದ್ದರು. ಬ್ಯಾಗಿನ ಅಮ್ಮ ಮಾತ್ರ ಯಾವುದಕ್ಕೆ ನಿಂತಿದ್ದೇವೆಂಬ ಗೊಡವೆಗೇ ಹೋಗದೆ, ಯಾರೂ ಮಧ್ಯೆ ನುಗ್ಗದಂತೆ ಸಾಲನ್ನು ಕಾಯುತ್ತಿದ್ದರು. ನಾನು ಈ ಮನೆಗೆ ತಿಂಗಳು ತಿಂಗಳು ಬರುವವನು ಎಂದು ಅವರಿಗೆ ಸ್ವಲ್ಪ ಗತ್ತಿನಿಂದಲೇ ತಿಳಿಸಿದೆ. ಅದು ಮುಂದೆ ನನ್ನ ಕೊರಳಿಗೆ ಬಂತು.

ಎದುರು ಬದಿಯ ಕಟ್ಟೆಯ ಮೇಲೆ ಒಬ್ಬ ಹುಡುಗಿ ಕೂತು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ನಾನು ನಿಂತ ಕೂಡಲೆ ತಲೆಯೆತ್ತಿ ನೋಡಿ ಒಂದು ಗೆರೆ ಎಳೆದಳು. ಅವಳು ನನ್ನ ಭಾವಮೈದನ ವಿದ್ಯಾರ್ಥಿನಿ ಎಂದು, ಮುಂದೆ ನಿಂತ ನಾಲ್ವರೂ ಅವನ ಶಿಷ್ಯರೇ ಎಂದು ನನಗೆ ಗೊತ್ತಾದದ್ದು ಆಮೇಲೆ. ಯಾರೂ ವಾಸವಿಲ್ಲದ ಮನೆಯ ಮುಚ್ಚಿದ ಬಾಗಿಲ ಮುಂದೆ ನಾಲ್ಕು ಜನ ಸುಮ್ಮನೆ ನಿಲ್ಲುವುದು, ಒಂದು ಗಂಟೆಯಲ್ಲಿ ಹಿಂದೆ ಎಷ್ಟು ಜನ ಸೇರುತ್ತಾರೆಂದು ಎಣಿಸುವುದು, ಇದೇ ಪ್ರಯೋಗ. ಬೀಗ ಹಾಕಿದ ಅಂಗಡಿ ನೋಡಿ ಮಹಡಿಯೂ ಖಾಲಿಯೇ ಎಂದುಕೊಂಡಿದ್ದರು ಪಾಪ. ಮುದುಕರು ಹಿಂದಿನ ದಿನ ತೀರಿಕೊಂಡಿದ್ದರು.

ಹನ್ನೆರಡಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಹೊರಗೆ ಬಂದು ನಿಂತರು. ಪ್ರಯಾಣದಲ್ಲಿ ಮುದುಡಿದ ಬಟ್ಟೆ, ನಿದ್ದೆಯಿಲ್ಲದ ಕಣ್ಣು. ಸಾಲನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು.

"ಅಪ್ಪನ್ನ ನೋಡೋಕೆ ಬಂದ್ರಾ?" ಎಂದು ಮೊದಲು ನಿಂತಿದ್ದ ಹುಡುಗನನ್ನು ಕೇಳಿದರು.

ಯಾರ ಜೊತೆಯೂ ಮಾತಾಡಬಾರದು ಎಂದು ಮೇಷ್ಟ್ರು ಆ ಹುಡುಗನಿಗೆ ಹೇಳಿ ಕಳಿಸಿದ್ದರು. ಹಾಗಾಗಿ ಅವನು ಬಾಯಿ ಬಿಡದೆ ತಲೆಯಾಡಿಸಿದ. ಆಕೆ ಬನ್ನಿ ಎಂದರು. ಅವನು ಒಳಗೆ ಹೋದ. ಎರಡನೆಯವಳು ಅವನ ಹಿಂದೆ, ಮೂರನೆಯವಳು ಅವಳ ಹಿಂದೆ. ಹೀಗೆ ಆ ಕಡಿದಾದ ಮೆಟ್ಟಿಲ ಮೇಲೆ ಸಾಲು ಒಂದಿಷ್ಟೂ ಕದಡದೆ ಏರತೊಡಗಿತು. ನನ್ನ ಸರದಿ ಬಂದಾಗ ಗುಂಡಿ ನನ್ನ ಕಾಲ ಪಕ್ಕದಲ್ಲೇ ಇತ್ತು. ಬಗ್ಗಿದ್ದರೆ ಕೆಲಸ ಮುಗಿಯುತ್ತಿತ್ತು. ನಾನೂ ಮೇಲೆ ಹೋದೆ.

ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒರಗಿಸಿದ ಒಂದು ಊರುಗೋಲು. ಮಂಚದ ಮೇಲೆ ಮುದುಕರು ಬಿಳಿ ಹೊದಿಕೆಯಡಿ ಮಲಗಿದ್ದರು. ಕಿಟಕಿಯಿಂದ ಕಂಡಿದ್ದಕ್ಕಿಂತ ಬಹಳ ಚಿಕ್ಕ ಮನುಷ್ಯ. ಕೊಡೆ ಯಜಮಾನರು ಮೆಟ್ಟಿಲ ತುದಿಯಲ್ಲಿ ಆ ಹೆಂಗಸಿನ ಕೈಗೆ ಜೆರಾಕ್ಸ್ ಕೊಡಲು ಹೋಗಿ, ಮಂಚ ಕಂಡು, ಕಾಗದವನ್ನು ಸರಕ್ಕನೆ ಕೊಡೆಯೊಳಗೆ ಸೇರಿಸಿದರು. ಹಲ್ಲು ಪರೀಕ್ಷೆಯವರು ಬಾಯಿ ಮುಚ್ಚಿಕೊಂಡರು. ಮುಂದಿನವನು ತಲೆ ಬಾಗಿಸಿದ್ದಕ್ಕೆ ಹಿಂದಿನವನು ಬಾಗಿಸಿದ. ಒಬ್ಬಳು ಕಣ್ಣೊರೆಸಿಕೊಂಡದ್ದಕ್ಕೆ ಹತ್ತು ಜನ ಒರೆಸಿಕೊಂಡರು. ಇದು ನಟನೆ ಎಂದು ದಯವಿಟ್ಟು ತಿಳಿಯಬೇಡಿ. ನನ್ನ ಕಣ್ಣಲ್ಲಿ ನಿಜವಾಗಿ ನೀರು ಬಂತು, ಎಲ್ಲಿಂದ ಬಂತೋ ಗೊತ್ತಿಲ್ಲ.

ಯಾರಾದರೂ ಅಪ್ಪನ ಬಗ್ಗೆ ಎರಡು ಮಾತು ಹೇಳಿ ಎಂದು ಮಗಳು ಕೇಳಿದರು. ಮೂವತ್ತೇಳು ಜನ ನೆಲ ನೋಡಿದೆವು. ಆಗ ಬ್ಯಾಗಿನ ಅಮ್ಮ ನನ್ನ ಬೆನ್ನಿಗೆ ಬ್ಯಾಗಿನಿಂದಲೇ ಒಂದು ತಿವಿದು, ಇವರು ತಿಂಗಳು ತಿಂಗಳು ಬರ್ತಾ ಇದ್ದರಂತೆ, ಹಳೇ ಪರಿಚಯ ಎಂದು ಮುಂದಕ್ಕೆ ತಳ್ಳಿದರು.

ನಾನು ಬಡಗಿಗಳ ವಾರ್ಷಿಕ ಸಭೆಯಲ್ಲಿ ವಂದನಾರ್ಪಣೆ ಮಾಡಿದವನು. ಗಂಟಲು ಸರಿಮಾಡಿಕೊಂಡೆ. ಹಿರಿಯರು ಶಿಸ್ತಿನ ಮನುಷ್ಯರು ಎಂದೆ. ತೆರೆದದ್ದನ್ನು ಮುಚ್ಚಬೇಕು ಎಂಬ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಎಂದೆ. ಮೂಕಪ್ರಾಣಿಗಳ ಮೇಲೆ ಅಪಾರ ಕಾಳಜಿ, ವಿಶೇಷವಾಗಿ ಬೆಕ್ಕುಗಳ ಮೇಲೆ ಎಂದೂ ಸೇರಿಸಿದೆ. ಜನ ನಿಟ್ಟುಸಿರು ಬಿಟ್ಟರು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕೊಡೆ ಯಜಮಾನರು ಮುಂದೆ ಬಂದು, ಇಂಥವರ ಮಾರ್ಗದರ್ಶನ ಸಿಕ್ಕಿದ್ದು ನಮ್ಮ ಪುಣ್ಯ ಎಂದರು. ಗೋದಾಮಿನ ಕೆಲಸಕ್ಕೆ ಬಂದವನು, ನನ್ನಂಥ ಎಷ್ಟೋ ಜನಕ್ಕೆ ಕೆಲಸ ಕೊಡಿಸಿದ್ದಾರೆ ಎಂದ. ಬ್ಯಾಗಿನ ಅಮ್ಮ ತಾವು ಚಿಕ್ಕವರಿದ್ದಾಗ ಅವರ ಕೈತುತ್ತು ಉಂಡದ್ದನ್ನು ನೆನೆದು ಗದ್ಗದರಾದರು. ಒಂದು ಕಾಲುಗಂಟೆಯಲ್ಲಿ ನಾವೆಲ್ಲ ಸೇರಿ ಆ ಸಿಡುಕ ಮುದುಕರನ್ನು ಊರಿಗೆ ದೊಡ್ಡವರನ್ನಾಗಿ ಮಾಡಿಬಿಟ್ಟೆವು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೇಳಿಸಿಕೊಂಡರು. ಅವರ ಕಣ್ಣು ಮಾತ್ರ ಒಣಗಿತ್ತು.

ನಡುನಡುವೆ ಅವರು ಹೇಳಿದ್ದರಿಂದ ವಿಷಯ ತಿಳಿಯಿತು. ಅಪ್ಪನಿಗೂ ಅವರಿಗೂ ಮಾತು ನಿಂತು ಒಂಬತ್ತು ವರ್ಷ. ಅಪ್ಪನಿಗೆ ಒಪ್ಪಿಗೆಯಿಲ್ಲದ ಮದುವೆ, ಒಂದು ಕೆಟ್ಟ ಜಗಳ, ಆಮೇಲೆ ಬೇರೆ ಊರು. ಫೋನ್ ನಂಬರ್ ಕೂಡ ಕೊಟ್ಟಿರಲಿಲ್ಲ, ಬರೀ ವಿಳಾಸ ಮಾತ್ರ ಅಪ್ಪನ ಹತ್ತಿರ ಇತ್ತು. ಆ ವಿಳಾಸ ಹಿಡಿದು ಮನೆಯ ಮಾಲೀಕರು ಆಳು ಕಳಿಸಿ ಸುದ್ದಿ ಮುಟ್ಟಿಸಿದ್ದರು, ಮಂಡಿ ನೋವೆಂದು ತಾವು ಬಂದಿರಲಿಲ್ಲ. ಅಪ್ಪ ಕೊನೆಯವರೆಗೂ ತನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದರೇ, ಇದೊಂದೇ ಆಕೆಗೆ ತಿಳಿಯಬೇಕಿದ್ದದ್ದು. ನೀವೆಲ್ಲ ಇಷ್ಟು ಹತ್ತಿರದವರು, ನಿಮಗೆ ಹೇಳಿರಬಹುದು ಎಂದರು. ಅಷ್ಟು ಹೊತ್ತು ಹರಿದ ನಮ್ಮ ಮಾತಿನ ಹೊಳೆ ಅಲ್ಲಿ ಇಂಗಿಹೋಯಿತು.

ಅಷ್ಟರಲ್ಲಿ ಶವದ ವ್ಯಾನು ಬಂತು. ಚಾಲಕ ಕೆಳಗಿನಿಂದಲೇ, ತನ್ನ ಕೆಲಸ ಓಡಿಸುವುದು, ಎತ್ತುವುದಲ್ಲ ಎಂದು ಸಾರಿದ. ಮೆಟ್ಟಿಲು ಬಹಳ ಕಡಿದಾದದ್ದು, ಆರು ಜನರಾದರೂ ಬೇಕು. ಆರು ಜನ ಬೇಕೆಂದರೆ ಮೂವತ್ತೇಳರಲ್ಲಿ ಪ್ರತಿಯೊಬ್ಬನೂ ಉಳಿದ ಮೂವತ್ತಾರು ಜನರಿದ್ದಾರಲ್ಲ ಎಂದು ಸಮಾಧಾನದಿಂದ ಗೋಡೆಗೆ ಒರಗಿದ. ನಾನು ಸ್ವಲ್ಪ ಗಾಳಿಗೆಂದು ಮೆಟ್ಟಿಲಿಳಿದೆ.

ಅರ್ಧ ಮೆಟ್ಟಿಲಲ್ಲಿ ನನ್ನ ಭಾವಮೈದ ಏದುಸಿರು ಬಿಡುತ್ತಾ ಎದುರಾದ. ನೋಟ್‌ಬುಕ್ಕಿನ ಹುಡುಗಿ, ಸಾಲು ಮನೆಯೊಳಗೆ ಹೊಕ್ಕಿತು ಸರ್ ಎಂದು ಫೋನ್ ಮಾಡಿದ್ದಳು. ನನ್ನನ್ನು ಕಂಡು ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ, ಇರುತ್ತೀರಿ ಎಂದು ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿದ. ಅಲ್ಲೇ ಪಿಸುದನಿಯಲ್ಲಿ ಪ್ರಯೋಗದ ಕಥೆಯನ್ನೆಲ್ಲ ಹೇಳಿದ. ಪ್ರಯೋಗ ಮುಗಿದಮೇಲೆ ಭಾಗವಹಿಸಿದವರಿಗೆಲ್ಲ ಸತ್ಯ ಹೇಳಲೇಬೇಕು, ಅದು ನಮ್ಮ ವಿದ್ಯೆಯ ನಿಯಮ, ಈಗಲೇ ಹೋಗಿ ಹೇಳುತ್ತೇನೆ ಎಂದ.

ನನಗೆ ಸಿಟ್ಟು ಬಂತು. ಮದುವೆಯಾದ ಮೇಲೆ ಹೆಂಡತಿಯ ಕಡೆಯವರ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು. ಅವನ ಅಂಗಿಯ ತೋಳು ಹಿಡಿದೆ.

"ಮೇಲೆ ಹೆಣ ಇದೆ ಕಣೋ. ಪಕ್ಕದಲ್ಲಿ ಮಗಳು ನಿಂತಿದ್ದಾಳೆ. ಏನಂತ ಹೇಳ್ತೀಯ? ನಿಮ್ಮಪ್ಪನಿಗೋಸ್ಕರ ಯಾರೂ ಬಂದಿಲ್ಲ, ಇದು ಪಾಠ ಅಂತಲಾ?"

"ನಿಯಮ ಭಾವ" ಎಂದ ಅವನು. ಆದರೆ ದನಿ ಕುಗ್ಗಿತ್ತು.

ಆಗ ಮಗಳೇ ಮೇಲಿನಿಂದ ಬಗ್ಗಿ ನೋಡಿ, ನೀವಿಬ್ಬರೂ ಸ್ವಲ್ಪ ಬನ್ನಿ ಎಂದು ಕರೆದರು. ಆಮೇಲೆ ಕೋಣೆಯ ಕಡೆ ತಿರುಗಿ ಬೆರಳು ಮಾಡಿ ಇನ್ನೂ ನಾಲ್ವರನ್ನು ಗುರುತಿಸಿ ನೀವು, ನೀವು, ನೀವು, ನೀವು ಎಂದರು. ಅಷ್ಟು ಜನ ಒಟ್ಟಿಗಿದ್ದಾಗ ಕಲ್ಲಾಗಿದ್ದವರು, ಬೆರಳು ತಮ್ಮ ಕಡೆ ತಿರುಗಿದ್ದೇ ಅಂಗಿಯ ತೋಳು ಮಡಿಸಿಕೊಂಡು ಮುಂದೆ ಬಂದರು. ಕೊಡೆ ಯಜಮಾನರು ಕೊಡೆಯನ್ನು ಬ್ಯಾಗಿನ ಅಮ್ಮನಿಗೆ ಕೊಟ್ಟು ಬಂದರು. ಸತ್ಯ ಹೇಳಲು ಹೊರಟಿದ್ದ ಮೇಷ್ಟ್ರು ಅರ್ಧ ನಿಮಿಷದಲ್ಲಿ ಮುದುಕರ ಪಾದದ ಕಡೆ ಹೆಗಲು ಕೊಟ್ಟು ನಿಂತಿದ್ದ. ಮುದುಕರು ಎಷ್ಟು ಹಗುರವಾಗಿದ್ದರೆಂದರೆ, ಇಬ್ಬರು ಸಾಕಿತ್ತು. ಇಳಿಯುವಾಗ ನನ್ನ ಭಾವಮೈದ ಅಳುತ್ತಿದ್ದ. ನೋಟ್‌ಬುಕ್ಕಿನ ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು, ಏನನ್ನೂ ಬರೆಯಲಿಲ್ಲ.

ಸ್ಮಶಾನಕ್ಕೆ ನಾವು ಒಂಬತ್ತು ಜನ ಹೋದೆವು. ಉಳಿದವರಿಗೆ ದಾರಿಯಲ್ಲಿ ಒಂದೊಂದೇ ಕೆಲಸ ನೆನಪಾಯಿತು. ನನಗೂ ಮೂವತ್ತೆಂಟು ಮನೆ ಬಾಕಿಯಿತ್ತು, ಆದರೆ ವ್ಯಾನಿನಲ್ಲಿ ನಾನು ತಲೆಯ ಕಡೆ ಕೂತಿದ್ದೆ, ಎದ್ದು ಇಳಿಯಲು ಮನಸ್ಸಾಗಲಿಲ್ಲ. ಎಲ್ಲ ಮುಗಿದ ಮೇಲೆ ಮಗಳು ಹೊರಗಿನ ಸಿಮೆಂಟಿನ ಬೆಂಚಿನ ಮೇಲೆ ಕೂತರು. ನನ್ನ ಭಾವಮೈದನಿಗೆ ನಿಯಮ ಇನ್ನೂ ಕಚ್ಚುತ್ತಿತ್ತು. ಹೋಗಿ ಎದುರು ನಿಂತು, ತಪ್ಪಾಯಿತು ಅಮ್ಮ ಎಂದು ಶುರುಮಾಡಿದ.

"ಗೊತ್ತು ಸರ್" ಎಂದರು ಆಕೆ. "ಬೆಳಗ್ಗೆಯಿಂದ ಕಿಟಕಿಯಲ್ಲಿ ನೋಡ್ತಾನೇ ಇದ್ದೆ. ಮೊದಲು ಆ ನಾಲ್ಕು ಮಕ್ಕಳು ಬಂದು ನಿಂತ್ರು, ಆಮೇಲೆ ಒಬ್ಬೊಬ್ಬರೇ ಸೇರಿಕೊಂಡ್ರು. ಅಪ್ಪನಿಗಾಗಿ ಅಲ್ಲ ಅಂತ ಗೊತ್ತಾಯ್ತು. ಆದರೆ ಕೆಳಗೆ ಇಳಿಸೋಕೆ ನನಗೆ ಜನ ಬೇಕಿತ್ತು. ಸಾವಿನ ಮನೆ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ. ಇಷ್ಟು ಜನರಲ್ಲಿ ಒಬ್ಬರಿಗಾದ್ರೂ ಅಪ್ಪ ಗೊತ್ತಿರಬಹುದು ಅಂತ ಕೇಳಿ ನೋಡ್ದೆ, ಅಷ್ಟೆ."

ಮೇಷ್ಟ್ರು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ. ಇಷ್ಟು ವರ್ಷ ಪಾಠ ಹೇಳಿದ್ದನ್ನು ಆ ಹೆಂಗಸು ಒಂದು ಕಿಟಕಿಯಿಂದ ಕಲಿತಿದ್ದರು.

ಆಮೇಲೆ ಆಕೆ ನನ್ನ ಕಡೆ ತಿರುಗಿದರು. ನನ್ನ ಹೆಗಲಿನ ಚೀಲ, ಅದರಿಂದ ಹೊರಗೆ ಚಾಚಿದ ಮುಚ್ಚಳ ಎತ್ತುವ ಕೊಕ್ಕೆ, ಎರಡನ್ನೂ ನೋಡಿದರು.

"ನೀವು ಮಾತ್ರ ಸುಳ್ಳು ಹೇಳಲಿಲ್ಲ ಅನ್ಸತ್ತೆ. ನಿಮಗೆ ಅಪ್ಪ ಗೊತ್ತಿತ್ತಾ?"

ಇಷ್ಟು ಹೊತ್ತು ನಾನು ಇದನ್ನು ಯಾರಿಗೂ ಹೇಳಿರಲಿಲ್ಲ, ನಿಮಗೂ ಹೇಳಿಲ್ಲ, ನಿಜ ಹೇಳಬೇಕೆಂದರೆ ಮೆಟ್ಟಿಲಲ್ಲಿ ಅವರನ್ನು ಹೊರುವಾಗಲೇ ನನಗೂ ನೆನಪಾದದ್ದು. ಎರಡು ತಿಂಗಳ ಹಿಂದೆ ನಾನು ಗುಂಡಿ ಮುಚ್ಚುವಾಗ ಮುದುಕರು ಬಯ್ಯಲಿಲ್ಲ. ಕಿಟಕಿಯಿಂದ ಬಗ್ಗಿ, ಮೇಲೆ ಬರುತ್ತೀಯೇನಪ್ಪಾ, ಸ್ವಲ್ಪ ಹೊತ್ತು ಕೂತ್ಕೋ, ಒಂದು ಕಾಗದ ಬರೆದುಕೊಡಬೇಕು, ನನ್ನ ಕೈ ನಡುಗುತ್ತೆ ಎಂದರು. ಯಾರಿಗೆ ಎಂದು ನಾನು ಸುಮ್ಮನೆ ಬಾಯಿಮಾತಿಗೆ ಕೇಳಿದೆ. ಮಗಳಿಗೆ ಎಂದರು. ಬರುವ ತಿಂಗಳು ಆಗಲಿ ಯಜಮಾನರೇ, ಇವತ್ತು ಇನ್ನೂ ತುಂಬ ಮನೆ ಇದೆ ಎಂದು ನಾನು ಹೊರಟುಬಿಟ್ಟೆ. ಮುಂದಿನ ತಿಂಗಳು ಕಿಟಕಿ ಮುಚ್ಚಿತ್ತು, ಮೀಟರಿನ ಮುಳ್ಳು ಹೆಚ್ಚುಕಡಿಮೆ ಕದಲಿರಲಿಲ್ಲ. ನಾನು ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋದೆ. ನಾನು ಕೆಟ್ಟವನಲ್ಲ, ನನ್ನ ಕೈಯಲ್ಲಿ ಹೊತ್ತಿರಲಿಲ್ಲ. ನನ್ನ ಭಾವಮೈದನನ್ನು ಕೇಳಿದರೆ ಅವನೂ ಹಾಗೇ ಹೇಳುತ್ತಾನೆ. ಆದರೂ ನನಗೆ ನಾಚಿಕೆಯಾಯಿತು, ಅಳು ಬಂತು.

ಎಲ್ಲವನ್ನೂ ಆಕೆಗೆ ಹೇಳಿದೆ. ಕಾಗದದಲ್ಲಿ ಏನು ಬರೆಸಬೇಕು ಅಂತ ಹೇಳಿದ್ದರೇ ಎಂದು ಕೇಳಿದರು. ನನ್ನ ಭಾವಮೈದ ಕೆಳಗಿನಿಂದ ನನ್ನನ್ನೇ ನೋಡಿದ. ಏನಾದರೂ ಒಂದು ಒಳ್ಳೆಯ ಮಾತು ಹುಟ್ಟಿಸಿ ಹೇಳು ಎಂದು ಅವನ ಕಣ್ಣು ಬೇಡುತ್ತಿತ್ತು, ಆ ನಿಯಮದವನ ಕಣ್ಣು. ಹುಟ್ಟಿಸುವುದು ಕಷ್ಟವಿರಲಿಲ್ಲ, ಮಧ್ಯಾಹ್ನ ಬೆಕ್ಕುಗಳ ಬಗ್ಗೆ ಹುಟ್ಟಿಸಿದವನು ನಾನು.

"ಕೇಳಲಿಲ್ಲ ತಾಯಿ" ಎಂದೆ.

"ಮಗಳಿಗೆ ಅಂದ್ರಾ? ಹೆಸರು ಹೇಳಿ ಅಂದ್ರಾ, ಮಗಳಿಗೆ ಅಂತಲೇ ಅಂದ್ರಾ?" ಎಂದರು.

"ಮಗಳಿಗೆ ಅಂತಲೇ ಅಂದ್ರು."

"ಇನ್ನೊಂದು ಸಲ ಹೇಳಿ."

ಹೇಳಿದೆ. ಆಕೆ ಬೆಂಚಿನ ತುದಿಗೆ ಸರಿದು ನನಗೆ ಜಾಗ ಬಿಟ್ಟರು. ನಾನು ಕೂತೆ. ಬೆಳಗ್ಗೆಯಿಂದ ಒಣಗಿದ್ದ ಆ ಕಣ್ಣು ಆಗ ತುಂಬಿತು. ಕಿಟಕಿಯಲ್ಲಿ ಅಪ್ಪ ಎಲ್ಲಿ ಕೈ ಊರಿದ್ದರು, ಯಾವ ಅಂಗಿ ಹಾಕಿದ್ದರು, ದನಿ ಹೇಗಿತ್ತು ಎಂದು ಕೇಳುತ್ತಾ ಹೋದರು. ನನಗೆ ನೆನಪಿದ್ದಷ್ಟನ್ನು ಹೇಳಿದೆ, ಇಲ್ಲದ್ದಕ್ಕೆ ನೆನಪಿಲ್ಲ ಎಂದೆ. ಕೊನೆಗೆ ಪ್ರತಿ ಸಲವೂ ಅವರು ಮಗಳಿಗೆ ಎಂಬ ಅದೇ ಮಾತಿಗೆ ಬರುತ್ತಿದ್ದರು, ನಾನು ಅದನ್ನು ಮತ್ತೆ ಹೇಳುತ್ತಿದ್ದೆ.